ಆರೋಗ್ಯವಂತರಿಗೇಕೆ ಗುಳಿಗೆ?

ಮೈಯಲ್ಲಿ ಜ್ವರವಿಲ್ಲ, ಕಾಲಲ್ಲಿ ಬಾವಿಲ್ಲ. ಆದರೂ ಗುಳಿಗೆ ನುಂಗಬೇಕೆ? 2019ರಲ್ಲಿ ಆನೆಕಾಲು ರೋಗದ ವಿರುದ್ಧ ಮೂರು ಔಷಧಿಗಳನ್ನು ಒಟ್ಟಿಗೆ ನೀಡುವ ಕಾರ್ಯಕ್ರಮ ಯಾದಗಿರಿ ಜಿಲ್ಲೆಗೆ ಬಂದಾಗ ಯಾದಗಿರಿ, ಶಹಾಪುರ, ಸುರಪುರದ ಜನರಲ್ಲಿ ಈ ಪ್ರಶ್ನೆ ಏಳುವುದು ಸಹಜವೇ. ದೇಶದಲ್ಲಿ ಈ ವಿಧಾನವನ್ನು ಮೊದಲು ಕೈಗೊಂಡ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು.

ಉತ್ತರ ರೋಗದ ಚರಿತ್ರೆಯಲ್ಲೇ ಇದೆ. 1872ರಲ್ಲಿ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸ್ ಮನುಷ್ಯರ ರಕ್ತದಲ್ಲಿ ಫೈಲೇರಿಯಾದ ಮರಿಹುಳುಗಳನ್ನು ಕಂಡರು. ಐದು ವರ್ಷಗಳ ನಂತರ ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್, ಈ ಮರಿಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ತೋರಿಸಿದರು. ಮರಿಹುಳುಗಳು ರಕ್ತದಲ್ಲಿ ಹೆಚ್ಚಾಗಿ ಕಾಣುವುದು ರಾತ್ರಿ. ಆರೋಗ್ಯ ಸಿಬ್ಬಂದಿ ರಾತ್ರಿ ಹೊತ್ತು ಬೆರಳಿನ ರಕ್ತ ಪಡೆಯುವುದು ಅದಕ್ಕಾಗಿಯೇ. ಬಾವು ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ, ಏನೂ ಆಗದವರಂತೆ ಓಡಾಡುವವರ ರಕ್ತದಿಂದ ಸೊಳ್ಳೆಗಳು ಹುಳುವನ್ನು ನೆರೆಮನೆಗೆ ಒಯ್ದಿರುತ್ತವೆ. ಒಮ್ಮೆ ದಪ್ಪಗಾದ ಕಾಲು ಮೊದಲಿನಂತಾಗುವುದು ಬಹಳ ಕಷ್ಟ.

ಆದ್ದರಿಂದಲೇ ರೋಗಿಯನ್ನು ಹುಡುಕಿ ಚಿಕಿತ್ಸೆ ನೀಡುವುದಷ್ಟೇ ಸಾಲದಾಯಿತು. 1955ರಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿತ್ತು. 2004ರಿಂದ ರೋಗವಿರುವ ಜಿಲ್ಲೆಗಳ ಜನರಿಗೆಲ್ಲ ವರ್ಷಕ್ಕೊಮ್ಮೆ ಡಿಇಸಿ ಗುಳಿಗೆ ನೀಡಲಾಯಿತು. ಮುಂದೆ ಅಲ್ಬೆಂಡಜೋಲ್ ಜೊತೆಗೂಡಿತು. ಮೂರನೆಯದಾಗಿ ಐವರ್ಮೆಕ್ಟಿನ್ ಸೇರಿಸಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ಇದರ ಮೂಲ ಜಪಾನಿನ ಮಣ್ಣಿನಲ್ಲಿ ದೊರೆತ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕೂಡ ಇದೇ ಕುಲದ ಕೊಡುಗೆ. ಸಂಶೋಧಕರಾದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಸಂದಿತು. ಈ ಗುಳಿಗೆಯ ಪ್ರಮಾಣ ನಿರ್ಧಾರವಾಗುವುದು ಎತ್ತರದ ಮೇಲೆ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ, ತೀವ್ರ ಕಾಯಿಲೆಯವರಿಗೆ ಈ ಔಷಧಿಗಳಿಲ್ಲ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುವುದುಂಟು; ಮೈಯೊಳಗಿನ ಹುಳುಗಳು ಸಾಯುತ್ತಿರುವುದರ ಸೂಚನೆ ಅದು.

ಹಾಗೆಂದು ಎಲ್ಲ ರೋಗಕ್ಕೂ ಮುಂಚಿತವಾಗಿಯೇ ಔಷಧಿ ಸೇವಿಸಬಹುದೆ? ಖಂಡಿತ ಇಲ್ಲ. ಕುಷ್ಠ ರೋಗಿಗಳ ಮನೆಯವರಿಗೆ, ಒಡನಾಡಿಗಳಿಗೆ ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್ಕನ್ನು ಒಂದೇ ಬಾರಿ ನೀಡುವ ಕ್ರಮ 2018ರಿಂದ ದೇಶದಲ್ಲಿದೆ. ಅಲ್ಲಿ ಯಾರಿಗೆ, ಎಷ್ಟು ಎಂಬ ಲೆಕ್ಕವಿದೆ. ಲೆಕ್ಕವಿಲ್ಲದೆ ಅಂಗಡಿಯಿಂದ ತಂದು ನುಂಗಿದರೆ ರೋಗಾಣುಗಳೇ ಔಷಧಿಗೆ ಬಗ್ಗದಂತಾಗುತ್ತವೆ.

ಆನೆಕಾಲಿನ ಗುಳಿಗೆಯನ್ನು ಆರೋಗ್ಯ ಕಾರ್ಯಕರ್ತೆಯ ಎದುರೇ ನುಂಗಬೇಕೆಂಬ ನಿಯಮಕ್ಕೂ ಅರ್ಥವಿದೆ. ಕಿಸೆಗೆ ಸೇರಿದ ಗುಳಿಗೆಯಿಂದ ನಷ್ಟವಾಗುವುದು ಒಬ್ಬರಿಗಲ್ಲ, ಇಡೀ ಓಣಿಗೆ.