ಬಚ್ಚಲ ಹಂಡೆ

ಮಂಗಳೂರಿನ ಪಣಂಬೂರು ಮೊದಲಾದ ಕಡಲಂಚಿನ ಊರುಗಳಲ್ಲಿ, ಬಚ್ಚಲುಮನೆಯ ಮಣ್ಣಿನ ಒಲೆಯ ಮೇಲೆ ಕದಲದಂತೆ ಕೂರಿಸಿ, ಮಡಲು, ತೆಂಗಿನ ಸಿಪ್ಪೆಗಳ ಉರಿಯಿಂದ ಸ್ನಾನದ ನೀರನ್ನು (ತುಳುವಿನಲ್ಲಿ ‘ಬೆಂದ್ರ್’) ಕಾಯಿಸುವ ತಾಮ್ರದ ಮಹಾಪಾತ್ರೆ. ನೀರು ಆವಿಯಾಗುತ್ತ ಲವಣಗಳು ಹಿಂದುಳಿಯುವುದರಿಂದ, ದಿನವೂ ಮೇಲೆ ನೀರು ಸುರಿಯುತ್ತಲೇ ಹೋಗದೆ, ಆಗಾಗ ತಳದ ಗಸಿಯನ್ನು ಮೊಗೆದು ಚೆಲ್ಲತಕ್ಕದ್ದು; ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುವ ಮರಳುನೆಲದ ಮನೆಗಳಲ್ಲಂತೂ ಇದು ಅನಿವಾರ್ಯ.

ಗಾಳಿ, ತೇವ, ಇಂಗಾಲಾಮ್ಲ ವಾಯುಗಳ ಸಂಯೋಗದಿಂದ ತಾಮ್ರದ ಮೇಲೆ ಮೂಡುವ ಹಸುರು ಕಿಲುಬು ಹುಣಸೆಯ ಟಾರ್ಟಾರಿಕ್ ಆಮ್ಲದಲ್ಲಿ ಕರಗುತ್ತದೆ. ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಬೆರೆಸಿ, ತೆಂಗಿನ ನಾರಿನಿಂದ ಕಂಠದ ಸುತ್ತ ತಿಕ್ಕುತ್ತಿರಲು, ಮಾಸಿದ ಪದರದ ಅಡಿಯಿಂದ ಕೆಂಪು ಲೋಹವು ಉದಯಕಾಲದ ಬಾನಿನಂತೆ ತೋರಿಬರುವ ದೃಶ್ಯವು ನಿಜಕ್ಕೂ ಚೇತೋಹಾರಿಯಾದುದು. ತಳದ ಮಸಿ ದಪ್ಪಗಟ್ಟಿದರೆ ಶಾಖವನ್ನು ತಡೆದು ಸೌದೆಯನ್ನು ವ್ಯರ್ಥಗೊಳಿಸುತ್ತದೆ. ಅದಕ್ಕೆ ಬೂದಿಯೇ ಸಾಕು.

ನರಕಚತುರ್ದಶಿಯ ಮುನ್ನಾದಿನ ಸಂಜೆ, ಹೀಗೆ ಬೆಳಗಿದ ಹಂಡೆಯ ಕೊರಳಿಗೆ ಹೂಬಳ್ಳಿಗಳನ್ನು ಸುತ್ತಿ, ಮರುದಿನದ ಅಭ್ಯಂಗಕ್ಕಾಗಿ ನೀರು ತುಂಬುವ ಆಚಾರವು ಈ ಪಾಲನೆಯನ್ನು ವರ್ಷಕ್ಕೊಮ್ಮೆಯಾದರೂ ತಪ್ಪದಂತೆ ನಡೆಸಿಕೊಂಡು ಬಂದಿದೆ.

ನೀರಿಲ್ಲದ ಹಂಡೆಗೆ ಎಂದಿಗೂ ಉರಿ ಹಾಕಲಾಗದು. ಬೆಸುಗೆ ಬಿಟ್ಟು ಸೋರತೊಡಗುತ್ತದೆ.