ಮಾಗಿಸುವ ಕೆಂಪು ವೈನ್‌ಗೆ ದ್ರಾಕ್ಷಿ: ಸಂಶಿ ಭಾಗದ ರೈತರು ನಾಟಿಗೆ ಮುನ್ನ ತಿಳಿಯಬೇಕಾದ ಅಂಶಗಳು

ಕುಂದಗೋಳ ತಾಲ್ಲೂಕಿನ ಸಂಶಿ ಸುತ್ತಮುತ್ತ ಮೆಣಸಿನಕಾಯಿ, ಹತ್ತಿ ಮತ್ತು ಶೇಂಗಾ ಬೆಳೆಯುವ ರೈತರು ವೈನ್ ದ್ರಾಕ್ಷಿಯತ್ತ ಆಸಕ್ತಿ ತೋರುವುದು ಸಹಜ. ಆದರೆ ಇದು ಹಲವು ವರ್ಷ ಬಂಡವಾಳವನ್ನು ಹಿಡಿದಿಡುವ ಬೆಳೆ. ಆದ್ದರಿಂದ ನಿರ್ಧಾರಕ್ಕೆ ಮುನ್ನ ಕೆಳಗಿನ ಅಂಶಗಳನ್ನು ಗಮನಿಸಿರಿ.

ಕುಟುಂಬ ತೋಟದ ಉದಾಹರಣೆ

ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ತಳಿ ಪ್ರಯೋಗಗಳನ್ನು ನಡೆಸಿ, 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. ಈ ಸಂಸ್ಥೆಯ ‘ಲಾ ರಿಸರ್ವ್’ ಕೆಂಪು ವೈನ್ ಕ್ಯಾಬರ್ನೆ ಸಾವಿನ್ಯೋನ್ ಮತ್ತು ಶಿರಾಜ್ ತಳಿಗಳ ಮಿಶ್ರಣವಾಗಿದ್ದು, ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಮಾಗುತ್ತದೆ. 2012ರಲ್ಲಿ ಸಂಸ್ಥೆಯು ವಿಲೀನಗೊಂಡು ಗ್ರೋವರ್ ಜಂಪಾ ಆಯಿತು. ತೋಟ, ಘಟಕ ಮತ್ತು ಮಾರಾಟ ಒಂದೇ ಆಡಳಿತದಲ್ಲಿದ್ದುದು ಇಲ್ಲಿನ ಮುಖ್ಯ ಪಾಠ.

ಎಲ್ಲ ದ್ರಾಕ್ಷಿ ಏಕೆ ಮಾಗದು?

ಕೆಂಪು ವೈನ್‌ನ ಬಣ್ಣ ಮತ್ತು ಒಗರು ಹಣ್ಣಿನ ಸಿಪ್ಪೆ ಹಾಗೂ ಬೀಜದಿಂದ ಬರುತ್ತವೆ. ಚಿಕ್ಕ ಕಾಯಿ, ದಪ್ಪ ಸಿಪ್ಪೆಯ ಕ್ಯಾಬರ್ನೆಯಲ್ಲಿ ಇವು ಹೇರಳ. ಪೀಪಾಯಿಯ ಮರದ ಮೂಲಕ ಅತ್ಯಲ್ಪ ಗಾಳಿ ಒಳಸೇರಿ ಒಗರು ನಿಧಾನವಾಗಿ ಮೃದುವಾಗುತ್ತದೆ. ಥಾಮ್ಸನ್ ಸೀಡ್‌ಲೆಸ್‌ನಂತಹ ತಿನ್ನುವ ಹಸಿರು ತಳಿ ಇದಕ್ಕೆ ಒಗ್ಗದು. ಹಾಗೆಯೇ, ಬೀಜವುಳ್ಳ ಚಿಕ್ಕ ವೈನ್ ದ್ರಾಕ್ಷಿಗೆ ತಿನ್ನುವ ಹಣ್ಣಿನ ಪೇಟೆಯಲ್ಲಿ ಬೇಡಿಕೆಯಿಲ್ಲ. ಖರೀದಿದಾರ ಹಿಂದೆ ಸರಿದರೆ ನಷ್ಟ ರೈತನದೇ.

ಬೇಸಾಯ ಕ್ರಮಗಳು

• ಮಣ್ಣು: ನೀರು ನಿಲ್ಲುವ ಆಳವಾದ ಎರೆಭೂಮಿ ಸೂಕ್ತವಲ್ಲ. ನೀರು ಬಸಿಯುವ ಮಸಾರಿ ಅಥವಾ ಗರಸು ಮಿಶ್ರಿತ ಭೂಮಿಯನ್ನು ಆರಿಸಿರಿ. ಮಣ್ಣು ಹಾಗೂ ನೀರಿನ ಪರೀಕ್ಷೆ ಕಡ್ಡಾಯವಾಗಿ ಮಾಡಿಸಿರಿ.
• ಬೇರುಸಸಿ: ಡಾಗ್‌ರಿಡ್ಜ್ ಅಥವಾ 110 ಆರ್ ಮೇಲೆ ಕಸಿ ಮಾಡಿದ ಸಸಿಗಳನ್ನು ಬಳಸಿರಿ.
• ಚಾಟನಿ: ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಅಕ್ಟೋಬರ್ ಸುಮಾರಿಗೆ ಫಲಕ್ಕಾಗಿ. ಹಿಂಗಾರು ಮಳೆ ಬಿದ್ದರೆ ಎಳೆ ಚಿಗುರಿಗೆ ಬೂಜು ತುಪ್ಪಟ ರೋಗ ತಗಲುವ ಅಪಾಯವಿದ್ದು, ಮುಂಜಾಗ್ರತಾ ಸಿಂಪರಣೆ ಅಗತ್ಯ.
• ಗೊನೆಗಳ ಮಿತಿ: ಹೆಚ್ಚು ಗೊನೆ ಬಿಟ್ಟರೆ ಬಣ್ಣ, ಸಕ್ಕರೆ ಎರಡೂ ಕುಗ್ಗುತ್ತವೆ.
• ಕಟಾವು: ರಿಫ್ರ್ಯಾಕ್ಟೋಮೀಟರ್‌ನಲ್ಲಿ 23–24 ಡಿಗ್ರಿ ಬ್ರಿಕ್ಸ್ ಕಂಡಾಗ, ಬೀಜ ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಬೆಳಗಿನ ತಂಪಿನಲ್ಲಿ ಕೊಯ್ದು ಅಂದೇ ಘಟಕಕ್ಕೆ ಸಾಗಿಸಿರಿ.

ಲೆಕ್ಕಾಚಾರ

225 ಲೀಟರ್‌ನ ಒಂದು ಪೀಪಾಯಿ ತುಂಬಲು ಸುಮಾರು 350 ಕಿಲೋ ಹಣ್ಣು ಬೇಕು. ಅದರಿಂದ 750 ಮಿಲಿಲೀಟರ್‌ನ 300 ಬಾಟಲಿ ದೊರೆಯುತ್ತವೆ. ಬಳ್ಳಿ ಗಣನೀಯ ಫಸಲು ಕೊಡಲು ಸುಮಾರು ಮೂರು ವರ್ಷ ಬೇಕು. ನಂತರ ಪೀಪಾಯಿಯಲ್ಲಿ ವರ್ಷದವರೆಗೆ ಮಾಗಿಸಿ, ಬಾಟಲಿಯಲ್ಲೂ ಇಡಬೇಕಾಗುತ್ತದೆ. ಸಂಶಿಯ ಬೇಸಿಗೆಯಲ್ಲಿ ದಾಸ್ತಾನು ಕೋಣೆಯನ್ನು 12–16 ಡಿಗ್ರಿ ಸೆಲ್ಸಿಯಸ್‌ನಲ್ಲಿಡುವ ವಿದ್ಯುತ್ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೀಗಾಗಿ ಸಣ್ಣ ಹಿಡುವಳಿದಾರರು ಘಟಕ ಕಟ್ಟುವುದಕ್ಕಿಂತ ಹಣ್ಣು ಪೂರೈಸುವುದು ಸುರಕ್ಷಿತ.

ಕಡ್ಡಾಯ ಎಚ್ಚರಿಕೆ

ರಾಜ್ಯದಲ್ಲಿ 2007ರಿಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಇದೆ. ಆದರೂ ಅಬಕಾರಿ ಪರವಾನಗಿ ಇಲ್ಲದೆ ವೈನ್ ತಯಾರಿಸಿ ಮಾರುವುದು ಅಪರಾಧ. ತಳಿ, ಬ್ರಿಕ್ಸ್, ದರ, ತಿರಸ್ಕಾರದ ನಿಯಮ ಮತ್ತು ಪಾವತಿಯ ಅವಧಿ ನಮೂದಿಸಿದ ಲಿಖಿತ ಒಪ್ಪಂದ ಕೈಸೇರುವ ಮೊದಲು ಒಂದು ಸಸಿಯನ್ನೂ ನೆಡಬೇಡಿರಿ. ಒಪ್ಪಂದವಾದ ಮೇಲೂ ಮೊದಲು ಅರ್ಧ ಎಕರೆಯಲ್ಲಿ ಆರಂಭಿಸಿ, ಉಳಿದ ಹೊಲದಲ್ಲಿ ವಾಡಿಕೆಯ ಬೆಳೆಗಳನ್ನು ಮುಂದುವರಿಸಿರಿ. ವಿಸ್ತರಣಾ ಕಾರ್ಯಕರ್ತರು ಒಪ್ಪಂದದ ಕರಡನ್ನು ರೈತರೊಂದಿಗೆ ಕುಳಿತು ಓದಿ ವಿವರಿಸತಕ್ಕದ್ದು.