ಭಾಂಡುಪಿನಲ್ಲಿ ಹೊಳೆದ ರೈಲು

ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ ಕಥೆ ಮುಂಬಯಿವಾಸಿಗಳಾದ ನಮಗೆಲ್ಲ ತಿಳಿದದ್ದೇ. ಆದರೆ ಆ ರೈಲಿನ ಯೋಚನೆ ಹುಟ್ಟಿದ್ದು ನಮ್ಮ ಭಾಂಡುಪಿನಲ್ಲಿ ಎಂಬುದು ಇಲ್ಲೇ ಸಂಸಾರ ಹೂಡಿದ ಎಷ್ಟೋ ಮಂದಿಗೆ ಗೊತ್ತಿರಲಾರದು. 1843ರಲ್ಲಿ ಮುಂಬಯಿ ಸರಕಾರದ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕ್ ಭಾಂಡುಪಿಗೆ ಬಂದಿದ್ದಾಗ, ಮುಂಬಯಿಯನ್ನು ಠಾಣೆ, ಕಲ್ಯಾಣ ಹಾಗೂ ಥಳ್, ಭೋರ್ ಘಾಟಿಗಳೊಂದಿಗೆ ರೈಲಿನಿಂದ ಜೋಡಿಸಬೇಕೆಂಬ ವಿಚಾರ ಅವರಿಗೆ ಹೊಳೆಯಿತೆಂದು ರೈಲ್ವೆಯ ಇತಿಹಾಸ ಹೇಳುತ್ತದೆ.

ಹತ್ತೇ ವರ್ಷಗಳಲ್ಲಿ ಅದು ಕೈಗೂಡಿತು. 1853ರ ಏಪ್ರಿಲ್ 16ರಂದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿಯಂತ್ರಗಳು 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಹೊತ್ತು 34 ಕಿಲೋಮೀಟರ್ ದಾರಿ ಸವೆಸಿದವು. ಒಳನಾಡಿನ ಹತ್ತಿಯನ್ನು ಬಂದರಿಗೆ ತರುವುದು ಅಂದಿನ ವರ್ತಕರ ದೊಡ್ಡ ಆಸೆಯಾಗಿತ್ತು. ಈ ಗಾಡಿ ನೌಕರಿಗೆ ಹೋಗುವವರ ಜೀವನಾಡಿಯಾದದ್ದು ಆಮೇಲಿನ ಮಾತು.

ಉಗಿಯಂತ್ರವೆಂದರೆ ಕಲ್ಲಿದ್ದಲ ಹೊಗೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಮುಂದೆ ನಮ್ಮ ಮಾರ್ಗಕ್ಕೂ ವಿದ್ಯುತ್ತು ಬಂದು, ಹಳಿಯ ಬದಿಯ ಮನೆಗಳಿಗೆ ಹೊಗೆಯ ಕಾಟ ತಪ್ಪಿತು. ಊರೊಳಗೆ 1907ರಿಂದ ವಿದ್ಯುತ್ ಟ್ರಾಮು ಇತ್ತು. 1964ರ ಮಾರ್ಚ್ 31ರಂದು ಅದು ನಿಂತುಹೋಯಿತು. ರಸ್ತೆ ಮೋಟಾರಿನ ಪಾಲಾಯಿತು.

ಭಾಂಡುಪಿನ ಆಗ್ರಾ ರಸ್ತೆಯ ಇಕ್ಕೆಲದಲ್ಲಿ ಕಾರಖಾನೆಗಳೆದ್ದ ಕಾಲಕ್ಕೆ ಊರಿನಿಂದ ಬಂದ ನಮ್ಮವರು ಕೋಣೆ ಹುಡುಕುವಾಗ ಮೊದಲು ಕೇಳುತ್ತಿದ್ದ ಪ್ರಶ್ನೆ, "ಸ್ಟೇಷನ್ನಿನಿಂದ ಎಷ್ಟು ದೂರ?" ಎಂಬುದು. ತಿಂಗಳ ಪಾಸಿನ ಆಧಾರದ ಮೇಲೆಯೇ ಅವರು ಮಕ್ಕಳನ್ನು ಓದಿಸಿದರು. ಅದೇ ಮಕ್ಕಳು ಇಂದು ಕಾರು ಕೊಂಡರೆ ಸಂತೋಷವೇ. ಆದರೆ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗವೆಂದು ಹೆಸರು ಬದಲಿಸಿಕೊಂಡ ಆ ರಸ್ತೆಯಲ್ಲಿ ಒಬ್ಬೊಬ್ಬರಿಗೊಂದು ಕಾರು ನಿಂತಲ್ಲೇ ಹೊಗೆ ಕಾರುತ್ತಿದ್ದರೆ, ಅದನ್ನು ಉಸಿರಾಡುವವರು ಬೇರೆ ಯಾರೂ ಅಲ್ಲ, ನಾವೇ.

ವಿದ್ಯುತ್ ರೈಲಿಗೆ ಹೊಗೆಯ ಋಣವೇ ಇಲ್ಲವೆನ್ನಲಾಗದು. ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಆದರೆ 12 ಡಬ್ಬಿಗಳ ಒಂದು ಲೋಕಲು ಸಾವಿರಾರು ಜನರನ್ನು ಒಟ್ಟಿಗೆ ಒಯ್ಯುವಾಗ ತಲೆಗೆ ಬೀಳುವ ಪಾಲು ಅತ್ಯಲ್ಪ. 2020ಕ್ಕೆ ಮೊದಲು ನಗರದ ಲೋಕಲುಗಳಲ್ಲಿ ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣಗಳು ನಡೆಯುತ್ತಿದ್ದವು. ಅವರಲ್ಲಿ ಕಾಲು ಭಾಗ ಜನ ಕಾರಿಗೆ ಇಳಿದಿದ್ದರೂ ಮುಂಬಯಿ ಚಲಿಸುತ್ತಿರಲಿಲ್ಲ.

ಈ ಉಪಕಾರಕ್ಕೆ ಬಡ ಪ್ರಯಾಣಿಕ ತೆರುವ ಬೆಲೆಯನ್ನೂ ಮರೆಯಬಾರದು. 2023ರಲ್ಲಿ ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನ ಪ್ರಾಣ ಕಳಕೊಂಡರು. ಹಳಿ ದಾಟುವಾಗ ಕೆಲವರು, ನೂಕುನುಗ್ಗಲಿನಲ್ಲಿ ಬಿದ್ದು ಕೆಲವರು. ಆದ್ದರಿಂದ "ರೈಲಿನಲ್ಲಿ ಹೋಗಿ" ಎಂದು ಉಪದೇಶಿಸಿದರೆ ಸಾಲದು. ಹೆಚ್ಚು ಗಾಡಿ, ಭದ್ರವಾದ ಬಾಗಿಲು, ಮನೆಯಿಂದ ಸ್ಟೇಷನ್ನಿಗೆ ತಕ್ಕಷ್ಟು ಬಸ್ಸು ಬೇಕೆಂದು ಕೇಳಬೇಕು. ಅನುಕೂಲವುಳ್ಳವರೂ ಲೋಕಲು ಹತ್ತಿದರೆ ಆ ಕೂಗಿಗೆ ಬಲ ಬಂದೀತು. ರೈಲಿನ ಕನಸು ಹುಟ್ಟಿದ ಊರಿನವರಾದ ನಾವು ಅದಕ್ಕೆ ಮೊದಲು ದನಿಗೂಡಿಸುವುದು ನ್ಯಾಯ.